"ಆರ್ಥೋ ಬೆಡ್ ಇದೆಯಾ?" ಅಂತ ಕೇಳುವ ಗಿರಾಕಿಗೆ ನಿಜಕ್ಕೂ ಬೇಕಾಗಿರುವುದು ಏನು? ಅಂಗಡಿಗೆ ಯಾವ ಮಾಲು ಇಡಬೇಕು?

ದಾವಣಗೆರೆ ಮಂಚ

ಮಂಚ, ಬೀರು, ಸೋಫಾ ಮಾರುವ ಅಂಗಡಿಗೆ ಹಾಸಿಗೆಯನ್ನೂ ಸೇರಿಸುವ ಲೆಕ್ಕಾಚಾರ ನಡೆದಿದೆ. ಗಿರಾಕಿಗಳು ಹೆಚ್ಚಾಗಿ ತಾಲ್ಲೂಕಿನವರು, ಹಳ್ಳಿಯವರು, ಮದುವೆ ಸೆಟ್ ಒಯ್ಯುವವರು. ಬಂದವರೆಲ್ಲ ಕೇಳುವುದು ಆರ್ಥೋ. ಏಜೆಂಟರು ತೋರಿಸುವ ಮಾಲಿನ ಮೇಲೂ ಆರ್ಥೋ ಅಂತಲೇ ಬರೆದಿದೆ: ತೆಂಗಿನ ನಾರಿನದೂ ಆರ್ಥೋ, ಫೋಮ್ ಚೂರು ಅಂಟಿಸಿ ಒತ್ತಿದ ರೀಬಾಂಡೆಡ್ಡೂ ಆರ್ಥೋ, ಮೆಮೊರಿ ಫೋಮೂ ಆರ್ಥೋ, ಸ್ಪ್ರಿಂಗೂ ಆರ್ಥೋ. ಬೆಲೆಯಲ್ಲಿ ಮಾತ್ರ ಮೂರು ನಾಲ್ಕು ಪಟ್ಟು ವ್ಯತ್ಯಾಸ. ಇದಕ್ಕೆ ಐಎಸ್‌ಐ ಥರ ಏನಾದರೂ ಮಾನದಂಡ ಇದೆಯೇ? ಏಜೆಂಟ್ ಹೇಳುವ "40 ಡೆನ್ಸಿಟಿ"ಯನ್ನು ಅಂಗಡಿಯಲ್ಲೇ ಪರೀಕ್ಷಿಸುವುದು ಹೇಗೆ? ಮೊದಲ ಲಾಟಿನಲ್ಲಿ ಏನೇನು ತರಿಸಬಹುದು?

ಫೋಮ್ ಕಟಿಂಗ್

ಮಾನದಂಡದ ಪ್ರಶ್ನೆಗೆ ಉತ್ತರ ಚಿಕ್ಕದು: ಇಲ್ಲ. ಫೋಮಿಗೆ, ರಬ್ಬರ್ ಹಚ್ಚಿದ ನಾರಿನ ಶೀಟಿಗೆ, ಲೇಟೆಕ್ಸಿಗೆ (ರಬ್ಬರ್ ಹಾಲಿನ ಫೋಮಿಗೆ) ಬಿಐಎಸ್ ಅಂದರೆ ಐಎಸ್ಐ ಗುರುತು ಕೊಡುವ ಸಂಸ್ಥೆಯ ಮಾನದಂಡಗಳಿವೆ. ಅವೆಲ್ಲ ವಸ್ತುವಿನ ಗುಣಕ್ಕೆ ಸಂಬಂಧಿಸಿದವು. "ಆರ್ಥೋಪೆಡಿಕ್" ಅನ್ನುವ ದರ್ಜೆ ಅವುಗಳಲ್ಲಿ ಇಲ್ಲ. ಅದು ಕವರ್ ಮೇಲೆ ಹೊಲಿಯುವ ಒಂದು ಪದ, ಯಾರು ಬೇಕಾದರೂ ಹೊಲಿಯಬಹುದು.

ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವುದು. ಹಾಗಾಗಿ ತಕ್ಕಡಿಯೇ ಸಾಕ್ಷಿ. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ 61,024ರಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. 72 × 36 × 6 ಅಂದರೆ 15,552. ಭಾಗಿಸಿದರೆ 0.255. 32 ಡೆನ್ಸಿಟಿ ಫೋಮ್ ಆದರೆ ಸುಮಾರು 8.2 ಕೆಜಿ, 40 ಆದರೆ 10.2 ಕೆಜಿ. ಕ್ವಿಲ್ಟ್ ಮಾಡಿದ ಕವರಿಗೆ ಒಂದೂವರೆ ಎರಡು ಕೆಜಿ ಬೇರೆ. ಏಜೆಂಟ್ "ಆರಿಂಚು, 40 ಡೆನ್ಸಿಟಿ" ಅಂದ ಸಿಂಗಲ್ ಬೆಡ್ ಕವರ್ ಸಮೇತ 9 ಕೆಜಿ ತೂಗಿದರೆ ಒಳಗಿನ ಫೋಮ್ ಹೆಚ್ಚೆಂದರೆ 30ರದ್ದು. ಸ್ಯಾಂಪಲ್ ಬಂದಾಗ ಬಾತ್‌ರೂಮ್ ತೂಕದ ಯಂತ್ರದಲ್ಲಿ ತೂಗಿದರೂ ಸಾಕು: ಹಾಸಿಗೆ ಹಿಡಿದು ನಿಂತ ತೂಕದಿಂದ ಬರಿ ಮೈ ತೂಕ ಕಳೆಯಿರಿ.

ರಾಯರ ಅಂಗಡಿ

ಅಂದರೆ 40 ಡೆನ್ಸಿಟಿ ಇದ್ದರೆ ಗಟ್ಟಿ, 32 ಇದ್ದರೆ ಮೆತ್ತಗೆ. ಇಷ್ಟು ಗೊತ್ತಿದ್ದರೆ ಸಾಕಲ್ಲವೇ?

ಫೋಮ್ ಕಟಿಂಗ್

ಇಲ್ಲ ಸರ್. ಈ ತಪ್ಪು ಅರ್ಧ ವ್ಯಾಪಾರಿಗಳಿಗೇ ಇದೆ. ಡೆನ್ಸಿಟಿ ಬಾಳಿಕೆಯ ಲೆಕ್ಕ, ಗಡಸುತನ ಬೇರೆಯದೇ ಲೆಕ್ಕ. 32 ಡೆನ್ಸಿಟಿಯಲ್ಲೇ ಮೆತ್ತನೆಯ ಫೋಮನ್ನೂ ಗಟ್ಟಿ ಫೋಮನ್ನೂ ತಯಾರಿಸಬಹುದು. ಕೆಮಿಕಲ್ ಪಾಕ ಬದಲಾದರೆ ಆಯಿತು. ಮೆಮೊರಿ ಫೋಮ್ 50 ಡೆನ್ಸಿಟಿ ಇದ್ದರೂ ಬೆರಳು ಒತ್ತಿದರೆ ಒಳಗೆ ಹೋಗುತ್ತದೆ. ಡೆನ್ಸಿಟಿ ಕಡಿಮೆ ಇದ್ದು ಗಡಸು ಮಾತ್ರ ಹೆಚ್ಚಿರುವ ಮಾಲೇ ಅಪಾಯ. ಅಂಗಡಿಯಲ್ಲಿ ಕೂತು ನೋಡಿದಾಗ "ಆಹಾ, ಗಟ್ಟಿ ಇದೆ" ಅನ್ನಿಸುತ್ತದೆ, ಒಂದೆರಡು ವರ್ಷಕ್ಕೆ ಸೊಂಟದ ಜಾಗ ಕುಳಿಬೀಳುತ್ತದೆ.

ತೂಕಕ್ಕೂ ಮೋಸ ಮಾಡುವವರಿದ್ದಾರೆ. ಫೋಮ್ ಮಾಡುವಾಗಲೇ ಸುಣ್ಣಕಲ್ಲಿನ ಪುಡಿ ಬೆರೆಸುತ್ತಾರೆ. ತಕ್ಕಡಿ 40 ತೋರಿಸುತ್ತದೆ, ಒಳಗಿನ ಫೋಮ್ ಮಾತ್ರ ಪೊಳ್ಳು. ಅಂಥ ಫೋಮಿನ ತುಂಡನ್ನು ಎರಡು ಕೈಯಿಂದ ಎಳೆದರೆ ರೊಟ್ಟಿ ಹರಿದಂತೆ ಹರಿಯುತ್ತದೆ, ಬೆರಳಲ್ಲಿ ಉಜ್ಜಿದರೆ ಬಿಳಿ ಪುಡಿ ಅಂಟುತ್ತದೆ. ಒಳ್ಳೆಯದು ಹರಿಯುವ ಮುಂಚೆ ಸಾಕಷ್ಟು ಹಿಗ್ಗುತ್ತದೆ. ಉಗುರಿನಷ್ಟು ತುಂಡನ್ನು ಅಂಗಡಿ ಹೊರಗೆ, ಗಾಳಿಗೆ ಬೆನ್ನು ಕೊಟ್ಟು ಸುಟ್ಟರೂ ಗೊತ್ತಾಗುತ್ತದೆ: ಪುಡಿ ಬೆರೆಸಿದ್ದರೆ ಬಿಳಿ ಬೂದಿ ಉಳಿಯುತ್ತದೆ, ಇಲ್ಲದಿದ್ದರೆ ಕರಗಿ ಕಪ್ಪು ಅಂಟಾಗುತ್ತದೆ. ಒಳಗೆ ಮಾತ್ರ ಸುಡಬೇಡಿ, ಆ ಹೊಗೆ ವಿಷ.

ಬೆನ್ನೆಲುಬು (ಫಿಸಿಯೋ)

ಪದದ ಹಿಂದಿನ ಬೇಡಿಕೆ ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕು. ನಮ್ಮಲ್ಲಿ "ಆರ್ಥೋ" ಕೇಳುವವರು ಕೇಳುತ್ತಿರುವುದು "ಗಟ್ಟಿ" ಹಾಸಿಗೆಯನ್ನು. ಬೆನ್ನುನೋವಿಗೆ ಹಲಗೆ ಮೇಲೆ ಮಲಗಿ ಅನ್ನುವ ಹಳೆಯ ವೈದ್ಯ ಸಲಹೆ ಮನೆಮಾತಾಗಿ ಉಳಿದುಬಿಟ್ಟಿದೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಅಧ್ಯಯನವೊಂದು ಬಂತು: ದೀರ್ಘಕಾಲದ ಸಾಮಾನ್ಯ ಸೊಂಟನೋವಿನ 313 ಜನ, 90 ದಿನ, ಅರ್ಧ ಜನಕ್ಕೆ ಗಟ್ಟಿ ಹಾಸಿಗೆ, ಅರ್ಧ ಜನಕ್ಕೆ ಮಧ್ಯಮ ಗಟ್ಟಿ. ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಓಡಾಟದ ತೊಂದರೆ ಮೂರರಲ್ಲೂ ಮಧ್ಯಮ ಗಟ್ಟಿಯವರಿಗೇ ಹೆಚ್ಚು ಅನುಕೂಲವಾಯಿತು. ಕಾರಣ ಸರಳ. ಮಗ್ಗುಲಾಗಿ ಮಲಗಿದಾಗ ಭುಜ, ಸೊಂಟದ ಮೂಳೆ ಸ್ವಲ್ಪ ಒಳಗಿಳಿಯಬೇಕು. ಹಲಗೆಯಂಥ ರೀಬಾಂಡೆಡ್ ಮೇಲೆ ಅವು ಇಳಿಯುವುದಿಲ್ಲ, ನಡು ಮಾತ್ರ ಜೋತುಬೀಳುತ್ತದೆ.

ಗಿರಾಕಿಯನ್ನು ಹಾಸಿಗೆಯ ಅಂಚಲ್ಲಿ ಕೂರಿಸಿ ಕಳಿಸಬೇಡಿ. ಚಪ್ಪಲಿ ಬಿಡಿಸಿ, ದಿಂಬು ಕೊಟ್ಟು, ಹತ್ತು ನಿಮಿಷ ಮಲಗಿಸಿ. ಅಂಗಾತ ಮಲಗಿದಾಗ ಜೊತೆಗೆ ಬಂದವರು ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಲಿ. ಕೈ ಸಲೀಸಾಗಿ ಆಚೆ ಈಚೆ ಹೋದರೆ ಆ ಮೈಗೆ ಅದು ತೀರಾ ಗಟ್ಟಿ. ಕೈ ಹೋಗಲೇ ಇಲ್ಲ ಅಂದರೆ ತೀರಾ ಮೆತ್ತಗೆ. ಸ್ವಲ್ಪ ಬಿಗಿಯಾಗಿ ಹೋದರೆ ಸರಿ. 50 ಕೆಜಿಯವರಿಗೆ ಕಲ್ಲಿನಂತಿರುವ ಹಾಸಿಗೆ 90 ಕೆಜಿಯವರಿಗೆ ಸರಿ ಇರಬಹುದು. ಆದ್ದರಿಂದ ತೂಕ ಕೇಳದೆ ಹಾಸಿಗೆ ತೋರಿಸುವುದೇ ತಪ್ಪು.

ಇನ್ನೆರಡು ವಿಷಯ. ಮಂಡಿನೋವು, ಮಂಡಿ ಆಪರೇಷನ್ ಆದ ಹಿರಿಯರಿಗೆ ಆರ್ಥೋ ಅಂತ ಕೇಳಿಕೊಂಡು ಬರುತ್ತಾರೆ. ಅವರಿಗೆ ಬೇಕಿರುವುದು ಎತ್ತರ. ಅಂಚಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತೊಡೆ ಮಂಡಿಗಿಂತ ಚೂರು ಮೇಲಿರಬೇಕು. ಮಂಚ ಮತ್ತು ಹಾಸಿಗೆ ಸೇರಿ 18ರಿಂದ 20 ಇಂಚು ಬಹಳ ಜನಕ್ಕೆ ಹೊಂದುತ್ತದೆ. ಬಡಗಿ ಮಾಡಿದ 18 ಇಂಚಿನ ಮಂಚದ ಮೇಲೆ 8 ಇಂಚಿನ ದುಬಾರಿ ಹಾಸಿಗೆ ಹಾಕಿದರೆ ಅಜ್ಜಿ ಇಳಿಯುವಾಗ ಜಾರುತ್ತಾರೆ.

ಪಾರ್ಶ್ವವಾಯು ಆಗಿ ಮಲಗಿದಲ್ಲೇ ಇರುವವರಿಗಾಗಿ ಆರ್ಥೋ ಕೇಳಿದರೆ ದಯವಿಟ್ಟು ಮಾರಬೇಡಿ. ಗಟ್ಟಿ ಹಾಸಿಗೆಯಲ್ಲಿ ಬೆನ್ನು, ಹಿಮ್ಮಡಿ ಬೇಗ ಹುಣ್ಣಾಗುತ್ತವೆ. ಅವರಿಗೆ ಬೇಕಾದದ್ದು ಪಂಪ್ ಇರುವ ಏರ್ ಬೆಡ್. ಅದರ ಗಾಳಿಚೀಲಗಳು ಕೆಲವು ನಿಮಿಷಕ್ಕೊಮ್ಮೆ ಸರದಿಯಲ್ಲಿ ತುಂಬಿ ಇಳಿಯುತ್ತವೆ. ಮನೆಯಲ್ಲಿರುವ ಹಾಸಿಗೆಯ ಮೇಲೇ ಹಾಸಿ, ಮೇಲೆ ತೆಳುವಾದ ಒಂದೇ ಬಟ್ಟೆ ಹಾಕಬೇಕು. ಅದಿದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಮೆಡಿಕಲ್ ಸಾಮಾನಿನ ಅಂಗಡಿಗೆ ಕಳಿಸಿ.

ಹುಬ್ಬಳ್ಳಿ ಗಾದಿ

ಗಟ್ಟಿ ಬೇಕನ್ನೋದು ಬರೇ ಡಾಕ್ಟರ್ ಮಾತಿನಿಂದ ಬಂದಿದ್ದಲ್ರೀ. ನಮ್ಮ ಕಡೆ ಮಂದಿ ಹತ್ತಿ ಗಾದಿ ಮ್ಯಾಲೆ ಬೆಳದವರು. ಹೊಸದಾಗಿ ಪಿಂಜಿ ತುಂಬಿದ ಗಾದಿ ಬಿಗಿ ಇರ್ತದ. ವರ್ಷ ಎರಡು ವರ್ಷಕ್ಕ ಗಂಟು ಗಂಟು ಆಗಿ ನಡುವ ತಗ್ಗು ಬೀಳ್ತದ. ಅವಾಗ ಪಿಂಜಾರರ ಕಡೆ ಕೊಟ್ಟು ಬಿಚ್ಚಿಸಿ, ಪಿಂಜಿಸಿ, ಅದ ಹತ್ತಿ ತುಂಬಿಸಿದ್ರ ಮತ್ತ ಹೊಸದು. ಹಿಂಗಾಗಿ ಮಂದಿ ತಲ್ಯಾಗ ಮೆತ್ತಗ ಅಂದ್ರ ಕೆಟ್ಟ ಹಾಸಿಗಿ, ಬಿಗಿ ಅಂದ್ರ ಚಲೋ ಹಾಸಿಗಿ ಅಂತ ಕುಂತದ. ಅದಕ್ಕ ಗಿರಾಕಿ ಅಂಗಡ್ಯಾಗ ಮುಷ್ಟಿಯಿಂದ ಗುದ್ದಿ ನೋಡೋದು.

ಇದರಾಗಿಂದ ಬರೋ ಇನ್ನೊಂದು ತಂಟೆ: ಫೋಮ್ ಗಾದಿ ತಗ್ಗು ಬಿದ್ದಾಗ "ರಿಪೇರಿ ಮಾಡಿಕೊಡ್ರಿ" ಅಂತ ಬರ್ತಾರ. ಫೋಮ್ ಪಿಂಜಲಿಕ್ಕೆ ಬರಂಗಿಲ್ಲ ಅಂತ ಮಾರೋಮುಂದ ಹೇಳಿಬಿಡ್ರಿ.

ತಿಪಟೂರು ನಾರು

ನಾರಿನ ಹಾಸಿಗೆಯನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಗಟ್ಟಿ ಹಾಸಿಗೆಯ ಅಭ್ಯಾಸವನ್ನು ಕಾರ್ಖಾನೆ ಮಾಲಿಗೆ ತಂದದ್ದೇ ಅದು. 1962ರಲ್ಲಿ ಕರ್ನಾಟಕ ಕನ್ಸ್ಯೂಮರ್ ಪ್ರಾಡಕ್ಟ್ಸ್ ಅಂತ ಶುರುವಾದ ಕಂಪನಿಯ ಕರ್ಲಾನ್ ಹೆಸರು ನಾರಿನ ಹಾಸಿಗೆಗೇ ಅಂಟಿಕೊಂಡುಬಿಟ್ಟಿತು. ಈಗಲೂ ಹಳ್ಳಿಯವರು ಯಾವ ಕಂಪನಿಯದಾದರೂ "ಕರ್ಲಾನ್ ಬೆಡ್" ಅನ್ನುತ್ತಾರೆ. 2023ರಲ್ಲಿ ಆ ಕಂಪನಿಯನ್ನು ಸ್ಲೀಪ್‌ವೆಲ್‌ನ ಶೀಲಾ ಫೋಮ್ ಕೊಂಡಿತು, ಅದು ಬೇರೆ ಮಾತು.

ಇದನ್ನು ತಯಾರಿಸುವ ರೀತಿ: ಬಲಿತ ಕಾಯಿಯ ಸಿಪ್ಪೆಯ ಕಂದು ನಾರನ್ನು ಹಗ್ಗದಂತೆ ಹೊಸೆದು, ಸುರುಳಿ ನಿಲ್ಲುವಂತೆ ಬಿಟ್ಟು, ಆಮೇಲೆ ಬಿಡಿಸುತ್ತಾರೆ. ಆ ಗುಂಗುರೇ ಸ್ಪ್ರಿಂಗಿನ ಕೆಲಸ ಮಾಡುವುದು. ಮೇಲೆ ರಬ್ಬರ್ ಹಾಲು ಸಿಂಪಡಿಸಿ, ಪದರ ಪದರವಾಗಿ ಒತ್ತಿ, ಬೇಯಿಸುತ್ತಾರೆ. ಕೆಡುವುದು ನಾರಿನಿಂದಲ್ಲ, ರಬ್ಬರಿನಿಂದ. ರಬ್ಬರ್ ಹಳತಾಗಿ ಒಣಗಿದರೆ ನಾರಿನ ಹಿಡಿತ ಬಿಡುತ್ತದೆ, ಮಂಚದ ಕೆಳಗೆ ಕಂದು ಪುಡಿ ಉದುರತೊಡಗುತ್ತದೆ. ಬಿಸಿಲಿಗೆ ಹಾಕುವ ಹತ್ತಿ ಹಾಸಿಗೆಯ ಅಭ್ಯಾಸವನ್ನು ಇದಕ್ಕೆ ಹಚ್ಚಿದರೆ ರಬ್ಬರ್ ಇನ್ನೂ ಬೇಗ ಸಾಯುತ್ತದೆ. ನೆರಳಲ್ಲಿ ಗಾಳಿಗೆ ನಿಲ್ಲಿಸಿದರೆ ಸಾಕು. ಮಡಚಿ ಆಟೋದಲ್ಲಿ ಒಯ್ದರೆ ಮಡಿಕೆಯ ಜಾಗದಲ್ಲಿ ನಾರು ಮುರಿದು ಅಲ್ಲೇ ಕುಳಿ ಬೀಳುತ್ತದೆ. ಅಗ್ಗದ ಮಾಲಿನಲ್ಲಿ ರಬ್ಬರ್ ಕಡಿಮೆ ಹಾಕಿರುತ್ತಾರೆ. ಮೂಲೆಯನ್ನು ಚಿವುಟಿ ಜಗ್ಗಿದರೆ ನಾರು ಸುಲಭವಾಗಿ ಕಿತ್ತು ಬರುತ್ತದೆ.

ಉಡುಪಿ ಮಳೆ

ಕರಾವಳಿಗೆ, ಮಲೆನಾಡಿಗೆ ಕಳಿಸುವವರು ಗಮನಿಸಿ. ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚ, ಮೇಲೆ ಒಂದೇ ಪ್ಲೈವುಡ್ ಹಲಗೆ, ಅದರ ಮೇಲೆ ಫೋಮ್ ಅಥವಾ ನಾರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೈಯ ಬೆವರಿನ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಹಾಸಿಗೆಯ ತಳದಲ್ಲಿ ಬೂಸ್ಟು ಬರುತ್ತದೆ, ಕಂಪನಿ ಅದನ್ನು ವಾರಂಟಿಗೆ ಸೇರಿಸುವುದಿಲ್ಲ. ಪ್ಲೈವುಡ್ಡಿಗೆ ಆರೆಂಟು ಇಂಚಿಗೊಂದರಂತೆ ಒಂದಿಂಚಿನ ತೂತು ಕೊರೆಸಿ. ಹದಿನೈದು ದಿನಕ್ಕೊಮ್ಮೆ ಹಾಸಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಂದೆರಡು ಗಂಟೆ ಫ್ಯಾನ್ ಹಾಕಿ.

ಕಲಬುರಗಿ ಬಿಸಿಲು

ನಮ್ಮ ಕಡೆಗೆ ಮೆಮೊರಿ ಫೋಮ್ ಕಳಿಸೋ ಮೊದಲು ಯೋಚಿಸಿ. ಅದು ಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಗಡಸಾಗುತ್ತದೆ, ಅದರ ಗುಣವೇ ಅದು. ಏಪ್ರಿಲ್‌ನಲ್ಲಿ ಮನೆಯೊಳಗೆ ಇರೋ ಸೆಕೆಗೆ ಮೈ ಒಳಗೆ ಹೂತು, ಸುತ್ತ ಗಾಳಿ ಆಡದೆ ಬೆವರು ಇಳಿಯುತ್ತದೆ. ಎಸಿ ಶೋರೂಮಿನಲ್ಲಿ ಮಲಗಿ ನೋಡಿದ ಹಾಸಿಗೆಯೇ ಮನೆಯಲ್ಲಿ ಬೇರೆ ಹಾಸಿಗೆ ಆಗಿರುತ್ತದೆ. ಮೇಲಿನ ಪದರ ಒಂದಿಂಚು ಮೆಮೊರಿ ಇದ್ದರೆ ತಡೆಯಬಹುದು, ಎರಡು ಮೂರು ಇಂಚು ಬೇಡ.

ಬೆಂಗಳೂರು ಪಾರ್ಸೆಲ್

ಮಾರುಕಟ್ಟೆ ಯಾಕೆ ಹೀಗೆ ಅಂಗಡಿ, ಆನ್ಲೈನ್ ಅಂತ ಎರಡು ಹೋಳಾಗಿದೆ ಅನ್ನುವುದಕ್ಕೆ ಒಂದು ಸಾದಾ ಕಾರಣವಿದೆ, ಅದು ಸುರುಳಿ. ನಾರು, ರೀಬಾಂಡೆಡ್ ಇವನ್ನು ಒತ್ತಿ ಸುರುಳಿ ಸುತ್ತಲು ಆಗುವುದಿಲ್ಲ, ಚಪ್ಪಟೆಯಾಗಿಯೇ ಲಾರಿಯಲ್ಲಿ ಸಾಗಿಸಬೇಕು. ಹಾಗಾಗಿ ಅವು ಡೀಲರ್, ಊರಿನ ಅಂಗಡಿಯ ಮಾಲಾಗಿ ಉಳಿದವು. ಎಚ್‌ಆರ್ ಫೋಮ್ (ಹೈ ರೆಸಿಲಿಯೆನ್ಸ್, ಒತ್ತಿ ಬಿಟ್ಟರೆ ಬೇಗ ಪುಟಿದೇಳುವುದು), ಮೆಮೊರಿ ಫೋಮನ್ನು ನಿರ್ವಾತದಲ್ಲಿ ಒತ್ತಿ ಡಬ್ಬಿಗೆ ಹಾಕಬಹುದು. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೇಕ್‌ಫಿಟ್‌ನಂಥವು ಬೆಳೆದದ್ದು ಆ ಡಬ್ಬಿಯಿಂದ ಮತ್ತು 100 ರಾತ್ರಿಯ ಟ್ರಯಲ್‌ನಿಂದ. ಮಲಗಿ ನೋಡದೆ ಕೊಳ್ಳುವವನಿಗೆ ಧೈರ್ಯ ಕೊಟ್ಟದ್ದು ಆ ಟ್ರಯಲ್. ಅವರೂ "ಆರ್ಥೋ" ಪದವನ್ನು ಬಿಡಲಿಲ್ಲ, ಗಿರಾಕಿ ಫೋನಿನಲ್ಲಿ ಹುಡುಕುವುದು ಅದನ್ನೇ.

ನೀವು ಅವರೊಡನೆ ರಿಯಾಯಿತಿಯಲ್ಲಿ ಪೈಪೋಟಿಗೆ ಇಳಿಯಬೇಡಿ. ನಿಮ್ಮ ಕೈಲಿರುವುದು ಮೂರು: ಮಲಗಿ ನೋಡುವ ಜಾಗ, ಮಂಚದ ಅಳತೆಗೆ ಕತ್ತರಿಸಿಕೊಡುವುದು, ಅದೇ ದಿನ ಮನೆಗೆ ಮುಟ್ಟಿಸಿ ಹಳೆಯದನ್ನು ಎತ್ತಿಕೊಂಡು ಬರುವುದು.

ಸುರುಳಿ ಮಾಲು ಇಡುವುದಾದರೆ ಪ್ಯಾಕಿಂಗ್ ತಾರೀಖು ನೋಡಿ, ಮೊದಲು ಬಂದದ್ದು ಮೊದಲು ಹೋಗಲಿ. ತಿಂಗಳುಗಟ್ಟಲೆ ಒತ್ತಿಟ್ಟ ಫೋಮ್ ಬಿಚ್ಚಿದಾಗ ಪೂರ್ತಿ ಏಳುವುದಿಲ್ಲ, ಆರಿಂಚಿನದು ಐದೂವರೆಗೇ ನಿಲ್ಲುತ್ತದೆ. ಬಿಚ್ಚಿ ಎರಡು ಮೂರು ದಿನ ಬಿಟ್ಟು ನಾಲ್ಕೂ ಮೂಲೆಯಲ್ಲಿ ದಪ್ಪ ಅಳೆಯಿರಿ.

ದಾವಣಗೆರೆ ಮಂಚ

ಎಲ್ಲರಿಗೂ ಧನ್ಯವಾದ. ರೀಬಾಂಡೆಡ್ ಬಗ್ಗೆ ಇನ್ನಷ್ಟು ಬೇಕು. ಏಜೆಂಟರು ಹೆಚ್ಚು ಒತ್ತಾಯ ಮಾಡುತ್ತಿರುವುದು ಅದಕ್ಕೇ.

ಫೋಮ್ ಕಟಿಂಗ್

ಅದರಲ್ಲಿ ಗುಣ ಮುಚ್ಚಿಡುವುದು ಸುಲಭ, ಒತ್ತಾಯಕ್ಕೆ ಅದೂ ಒಂದು ಕಾರಣ. ಫೋಮ್ ಕಾರ್ಖಾನೆಯ ಚೂರುಗಳನ್ನು ಪುಡಿಮಾಡಿ, ಅಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಹಬೆ ಕೊಟ್ಟರೆ ರೀಬಾಂಡೆಡ್. ಶುದ್ಧ ಚೂರಿನಿಂದ ಮಾಡಿದ 100 ಡೆನ್ಸಿಟಿಯದು ನಿಜಕ್ಕೂ ಗಟ್ಟಿಮುಟ್ಟು, ಭಾರದ ಮೈಗೆ ತಳಪದರವಾಗಿ ಅದಕ್ಕಿಂತ ಅಗ್ಗದ ಒಳ್ಳೆಯ ವಸ್ತು ಇಲ್ಲ. ಕೆಟ್ಟದರಲ್ಲಿ ಹಳೆಯ ಸೋಫಾದ ಫೋಮು, ರೆಕ್ಸಿನ್ ತುಂಡು, ದಾರ ಎಲ್ಲ ಸೇರಿರುತ್ತವೆ.

72 × 36 × 4ರ ಬರಿ ಪದರ 100 ಡೆನ್ಸಿಟಿಯಲ್ಲಿ 17 ಕೆಜಿ, 80ರಲ್ಲಿ 13.6 ಕೆಜಿ. ಕವರಿಗೆ ಜಿಪ್ ಇರುವ ಸ್ಯಾಂಪಲ್ ಕೇಳಿ. ಕತ್ತರಿಸಿದ ಅಂಚಿನಲ್ಲಿ ಚೂರುಗಳು ಸಣ್ಣದಾಗಿ, ಒಂದೇ ಗಾತ್ರದಲ್ಲಿರಬೇಕು. ಬಟ್ಟೆ, ದಾರ ಕಂಡರೆ ವಾಪಸ್. ಮೂಲೆಯನ್ನು ಬಲವಾಗಿ ಚಿವುಟಿದಾಗ ಚೂರು ಉದುರಿದರೆ ಅಂಟು ಸಾಲದು. ಒಂದೇ ಶೀಟಿನ ತಲೆ ಕಡೆ, ಕಾಲು ಕಡೆ ಒತ್ತಿ ನೋಡಿ. ಒಂದು ಕಡೆ ಗಟ್ಟಿ ಒಂದು ಕಡೆ ಮೆದು ಇದ್ದರೆ ಚೂರನ್ನು ಅಚ್ಚಿಗೆ ಸರಿಯಾಗಿ ಹರಡಿಲ್ಲ.

ನನ್ನ ಮಾತು: ಬರಿ ರೀಬಾಂಡೆಡ್ ಮೇಲೆ ತೆಳು ಕ್ವಿಲ್ಟ್ ಹಾಕಿದ್ದನ್ನು ಆರ್ಥೋ ಅಂತ ಮಾರಬೇಡಿ. 4 ಇಂಚು ರೀಬಾಂಡೆಡ್, ಮೇಲೆ 2 ಇಂಚು ಎಚ್‌ಆರ್ ಅಥವಾ ಲೇಟೆಕ್ಸ್ ಇಡಿ. ಗುದ್ದಿ ನೋಡುವವನಿಗೆ ಗಟ್ಟಿ ಅನ್ನಿಸುತ್ತದೆ, ಮಲಗಿದವನ ಭುಜಕ್ಕೆ ಜಾಗವೂ ಸಿಗುತ್ತದೆ.

ರಾಯರ ಅಂಗಡಿ

ಅಷ್ಟು ಮಾಡಿದರೆ ಬೆಲೆ ಏರುತ್ತದೆ. ಪಕ್ಕದ ಅಂಗಡಿಯವನು ಬರಿ ರೀಬಾಂಡೆಡ್ಡನ್ನೇ ಆರ್ಥೋ ಅಂತ ಕಡಿಮೆಗೆ ಕೊಡುತ್ತಾನೆ. ಗಿರಾಕಿ ಎಲ್ಲಿಗೆ ಹೋಗುತ್ತಾನೆ?

ಫೋಮ್ ಕಟಿಂಗ್

ಎರಡನ್ನೂ ಅಕ್ಕಪಕ್ಕ ಇಡಿ. ಹತ್ತು ನಿಮಿಷ ಮಲಗಿದ ಮೇಲೂ ಅಗ್ಗದ್ದೇ ಬೇಕು ಅಂದರೆ ಅದನ್ನೇ ಕೊಡಿ, ಜೊತೆಗೆ 2 ಇಂಚಿನ ಟಾಪರ್ (ಹಾಸಿಗೆ ಮೇಲೆ ಹಾಸುವ ತೆಳು ಪದರ) ಆಮೇಲೆ ಬೇಕಾದರೆ ಸಿಗುತ್ತದೆ ಅಂತ ಹೇಳಿ. ಬಹಳ ಗಟ್ಟಿ ಆಯಿತು ಅನ್ನುವ ದೂರಿಗೆ ಟಾಪರ್ ಪರಿಹಾರ. ಕುಳಿ ಬಿದ್ದ ಹಾಸಿಗೆಗೆ ಅದು ಪರಿಹಾರವಲ್ಲ, ಟಾಪರ್ ಕೂಡ ಆ ಕುಳಿಗೇ ಇಳಿಯುತ್ತದೆ. ಕೆಳಗೆ ಪ್ಲೈವುಡ್ ಕೊಟ್ಟರೂ ಪ್ರಯೋಜನವಿಲ್ಲ.

ವಾರಂಟಿ ಕಾರ್ಡ್

ದೂರಿನ ವಿಷಯ ಬಂತಲ್ಲ, ಒಂದು ಪಾಠ ಅಲ್ಲಿಂದಲೂ ಇದೆ. "10 ವರ್ಷ ವಾರಂಟಿ" ನೋಡಿ ಕೊಂಡವರು "ಮೆತ್ತಗಾಯಿತು" ಅಂತ ಬರುತ್ತಾರೆ. ಮೆತ್ತಗಾಗುವುದನ್ನು ಕಂಪನಿಗಳು ದೋಷ ಅಂತ ಒಪ್ಪುವುದಿಲ್ಲ. ಯಾರೂ ಮಲಗದೆ ಇರುವಾಗ ಕಣ್ಣಿಗೆ ಕಾಣುವ ಕುಳಿ ಬೇಕು, ಕಾರ್ಡಿನಲ್ಲಿ ಹೇಳಿದಷ್ಟು ಆಳ ಇರಬೇಕು. ಅಳೆಯುವ ಕ್ರಮ: ಹೊದಿಕೆ ತೆಗೆದು ಹಾಸಿಗೆಯನ್ನು ಸಮ ನೆಲದ ಮೇಲೆ ಹಾಕಿ, ಅಂಚಿನಿಂದ ಅಂಚಿಗೆ ನೆಟ್ಟಗಿನ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅತಿ ಆಳದ ಜಾಗದಲ್ಲಿ ಸ್ಕೇಲ್ ನಿಲ್ಲಿಸಿ ಫೋಟೊ ತೆಗೆಯಿರಿ. ಮಂಚದ ಮೇಲೆ ಅಳೆದರೆ ಮಂಚದ ತಗ್ಗೂ ಸೇರಿಕೊಳ್ಳುತ್ತದೆ. ಮರದ ಪಟ್ಟಿ ಜೋಡಿಸಿದ ಮಂಚದಲ್ಲಿ ಎರಡು ಪಟ್ಟಿಗಳ ನಡುವೆ 3 ಇಂಚಿಗಿಂತ ಹೆಚ್ಚು ಸಂದು ಇದ್ದರೆ ಯಾವ ಫೋಮಾದರೂ ಅಲ್ಲಿ ಇಳಿಯುತ್ತದೆ. ಕಲೆ ಬಿದ್ದರೆ ಬಹಳ ಕಂಪನಿಗಳು ಹಾಸಿಗೆ ಮುಟ್ಟುವುದೇ ಇಲ್ಲ. ಮಕ್ಕಳಿರುವ ಮನೆಗೆ ವಾಟರ್‌ಪ್ರೂಫ್ ಕವರನ್ನು ಜೊತೆಗೇ ಮಾರಿ.

ಬೋರ್ಡಿನ ಮೇಲೆ "ಬೆನ್ನುನೋವು ಮಾಯ" ಅಂತ ಬರೆಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದಾರಿತಪ್ಪಿಸುವ ಜಾಹೀರಾತಿಗೆ ದಂಡ ಇದೆ. ಸಾಬೀತುಮಾಡಲು ನಿಮ್ಮ ಕೈಲಿ ಏನೂ ಇರುವುದಿಲ್ಲ.

ದಾವಣಗೆರೆ ಮಂಚ

ಹಾಗಾದರೆ ಮೊದಲ ಲಾಟಿಗೆ ಹೀಗೆ ಯೋಚನೆ: ನೋಡಲು ನಾಲ್ಕು. 4 ಇಂಚಿನ ನಾರು, ಬರಿ ರೀಬಾಂಡೆಡ್, 4+2ರ ಎರಡು ಪದರದ್ದು, 6 ಇಂಚಿನ ಎಚ್‌ಆರ್. ಮೂರು ಸಿಂಗಲ್ ಸೈಜು, 4+2 ಮಾತ್ರ 78 × 60, ಗಂಡ ಹೆಂಡತಿ ಇಬ್ಬರೂ ಮಲಗಿ ನೋಡಲಿ ಅಂತ. ಜೊತೆಗೆ ಟಾಪರ್ ನಾಲ್ಕು. ಚೀಟಿಯ ಮೇಲೆ ಆರ್ಥೋ ಬದಲು "ಗಟ್ಟಿ", "ಮಧ್ಯಮ ಗಟ್ಟಿ". ಬಡಗಿ ಮಂಚಗಳ ಅಳತೆ ಒಂದೊಂದು ಒಂದೊಂದು ಥರ, 74 × 58 ಕೂಡ ಬರುತ್ತದೆ. ಅದಕ್ಕೆ ಏನು ಮಾಡಬೇಕು?

ಫೋಮ್ ಕಟಿಂಗ್

ಪಟ್ಟಿ ಚೆನ್ನಾಗಿದೆ. ಆರ್ಥೋ ಪದ ಪೂರ್ತಿ ತೆಗೆಯಬೇಡಿ, ಕೇಳಿಕೊಂಡು ಬಂದವನು "ಇಲ್ವಂತೆ" ಅಂತ ಹೊರಟುಬಿಡುತ್ತಾನೆ. ಚೀಟಿಯಲ್ಲಿ ಗಡಸುತನ ಬರೆಯಿರಿ, ಕೆಳಗೆ ಒಳಪದರ, ದಪ್ಪ, ಡೆನ್ಸಿಟಿ, ತೂಕ. ಆರ್ಥೋ ಅಂತ ಕೇಳಿದವನಿಗೆ ಆ ಚೀಟಿಯನ್ನೇ ತೋರಿಸಿ.

ಅಳತೆಗೆ: ಮಂಚದ ಒಳಚೌಕಟ್ಟನ್ನು ಉದ್ದಕ್ಕೆ ಮೂರು ಕಡೆ, ಅಗಲಕ್ಕೆ ಮೂರು ಕಡೆ ಅಳೆದು, ಕಡಿಮೆ ಬಂದದ್ದನ್ನು ಹಿಡಿಯಿರಿ. ಅದರಿಂದ ಅರ್ಧ ಇಂಚು ಕಳೆದು ಆರ್ಡರ್ ಕೊಡಿ, ಹೊದಿಕೆ ಸಿಕ್ಕಿಸಲು ಸಂದು ಬೇಕು. ಚೌಕಟ್ಟು ಓರೆ ಇದೆಯೇ ಅನ್ನುವುದಕ್ಕೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿಯಿರಿ, ಎರಡೂ ಒಂದೇ ಬರಬೇಕು. ಇಂಚೋ ಸೆಂಟಿಮೀಟರೋ ಅನ್ನುವುದನ್ನು ಆರ್ಡರ್ ಚೀಟಿಯಲ್ಲಿ ಬರೆದು, ಗಿರಾಕಿಯ ಸಹಿ ಹಾಕಿಸಿ. ಅಳತೆಗೆ ಕತ್ತರಿಸಿದ ಮಾಲನ್ನು ಸಾಮಾನ್ಯವಾಗಿ ಕಂಪನಿಗಳು ವಾಪಸ್ ತೆಗೆದುಕೊಳ್ಳುವುದಿಲ್ಲ. ಮುಂಗಡವಾಗಿ ಅರ್ಧ ಹಣ ಪಡೆದೇ ಕತ್ತರಿಸಲು ಹೇಳಿ.